ಕಾರಹುಣ್ಣಿಮೆಯ ಜೊಲ್ಲು

ಗೌರಾಳ ಹಿಮ್ಮಡಿ, ಬಿರುಕುಬಿಟ್ಟ ಹಿಮ್ಮಡಿ, ನನ್ನ ಕಣ್ಣ ಮುಂದೆ ಒಂದು ಕಲ್ಲಿನಿಂದ ಇನ್ನೊಂದು ಕಲ್ಲಿಗೆ ಹೋಗುತ್ತಿದೆ, ಚಪ್ಪಲಿ ಕೈಯಲ್ಲಿ ಹಿಡಿದಿದ್ದಾಳೆ, ಮೆಟ್ಟಿಕೊಂಡು ಗುಡ್ಡ ಹತ್ತಿದರೆ ಜಾರುತ್ತದಂತೆ, ನನ್ನ ಬೆನ್ನ ಹಿಂದೆ ಮುಮತಾಜಳ ಏದುಸಿರು, ನಿಂದರ್ರೇ ಬೇ, ನನಗ ನಲವತ್ತ ಆಗ್ಯಾವ, ಇಪ್ಪತ್ತಲ್ಲ, ಅನ್ನುತ್ತಾಳೆ, ನಿಲ್ಲುತ್ತೇವೆ, ನಗುತ್ತೇವೆ, ಕೆಳಗೆ ಅಮರ್ಜಾ ಹೊಳೆಯ ನೀರು — ಆಣೆಕಟ್ಟು ಕಟ್ಟಿ ನಿಲ್ಲಿಸಿದ ನೀರು, ಆದರೂ ನಮ್ಮ ಬಾಯಲ್ಲಿ ಅದು ಕೆರೆಯೇ — ಮೊದಲ ಮಳೆಗೆ ಮಣ್ಣಿನ ಬಣ್ಣಕ್ಕೆ ತಿರುಗಿ ಬಿಸಿಲಿಗೆ ತಗಡಿನ ಹಾಗೆ ಮಿಂಚುತ್ತಿದೆ. ಮಟಕಿ ಊರಿನ ಶಾಲೆಯಲ್ಲಿ ಮೂವರೂ ಒಂದೇ ಬೆಂಚು, ಆಮೇಲೆ ಮುಮತಾಜ ಆಳಂದ ಸೇರಿ ಹೊಲಿಗೆ ಅಂಗಡಿ ಹಾಕಿದಳು, ನಾನೂ ಗೌರಾಳೂ ಈ ಊರಿಗೆ ಸೊಸೆಯಾಗಿ ಬಂದೆವು, ಹದಿನೇಳು ವರ್ಷ ದಿನಾ ಬೆಳಿಗ್ಗೆ ಅಂಗಳ ಗುಡಿಸುವಾಗ ಈ ಗುಡ್ಡ ಕಂಡಿದೆ, ಒಂದು ದಿನವೂ ಹತ್ತಿರಲಿಲ್ಲ. ಮುಮತಾಜಳೇ ಫೋನು ಮಾಡಿ ಅಂದದ್ದು, ಕಾರಹುಣ್ಣಿಮಿಗಿ ಬರ್ತೀನಿ, ಮುಂಜಾನಿ ಗುಡ್ಡಾ ಹತ್ತೂಣು, ಕೆರಿ ದಂಡಿಗುಂಟ ತಿರಗ್ಯಾಡೂಣು, ಸಂಜಿಗಿ ಎತ್ತ ಓಡಿ ಬಂದ್ ಅಗಸ್ಯಾಗ ಕರಿ ಹರಿಯೂದ್ ನೋಡೂಣು, ಸಾಯೂದ್ರಾಗ ಒಮ್ಮಿ. ಹಬ್ಬದ ದಿನ ಗುಡ್ಡ ಹತ್ತುವ ಹೆಂಗಸರನ್ನು ಯಾರು ಕಂಡಿದ್ದಾರೆ, ಆದರೆ ಗೌರಾ ಮೂರೂವರೆಗೇ ಎದ್ದು ಬೇಳೆ ಕುದಿಸಿ ಹೋಳಿಗೆ ಬಡಿದು ಮುಗಿಸಿದ್ದಳು, ನಾನು ಅವಳನ್ನು ಕರೆಯಲು ಹೋದಾಗ ಇನ್ನೂ ನಸುಗತ್ತಲು, ದನದ ಕೊಟ್ಟಿಗೆಯ ಬಾಗಿಲಲ್ಲೇ ನಿಂತಿದ್ದೆ, ಅವಳ ಬಿಳಿ ಹೋರಿ ಸೋಮ ನನ್ನ ಕೈ ಮೂಸಿತು.

ಏನಂದಳು ಗೌರಾ ಈಗ? ಬೆನ್ನು ಹಾಕಿಕೊಂಡೇ ಮಾತಾಡುತ್ತಿದ್ದಾಳೆ, ಗಾಳಿ ಅರ್ಧ ಮಾತನ್ನು ಹೊತ್ತೊಯ್ಯುತ್ತಿದೆ, ಸೋಮ ಎರಡ ದಿನಾ ಆತ್ ನೋಡ್, ಕಣಕಿ ಮುಟ್ಟವಲ್ದು, ಗಂಟಲಾಗ ಏನೋ ಸಿಕ್ಕಂಗ ಆಗ್ಯದ, ನಮ್ಮವ್ರು ಮೊನ್ನಿ ಮೊಣಕೈ ತನಕ ಕೈ ಹಾಕಿ ನೋಡಿದ್ರು, ಮುಳ್ಳಿಲ್ಲ ಏನಿಲ್ಲ. ನನ್ನ ಕಾಲು ನಿಂತಿತು. ಮತ್ತ ನನಗ್ಯಾಕ್ ಹೇಳಲಿಲ್ಲ, ಅಂದೆ. ಹೇಳಬೇಕಂದಿದ್ದೆ ಬೇ, ಆದ್ರ ಸುಂದರಬಾಯಿ ಆಕಳ ಸುದ್ದಿ ಆದ ಮ್ಯಾಲ ನಮ್ಮವ್ರಿಗಿ... ಅಂದು ಮುಂದಿನ ಕಲ್ಲಿಗೆ ಕಾಲಿಟ್ಟಳು. ಗೊತ್ತು, ಸುಂದರಬಾಯಿಯ ಆಕಳು, ಹೋದ ವರ್ಷ ಅದರ ಮೈಮೇಲೆ ಗಂಟು ಕಂಡು ಗಂಟುರೋಗ ಅಂದುಬಿಟ್ಟೆ, ಊರೆಲ್ಲ ಅವಳ ಹಾಲು ಬಿಟ್ಟಿತು, ಎಂಟು ದಿನದ ಮೇಲೆ ಅದು ಹುಳ ಕಡಿದ ಬಾವು ಅಂತ ಗೊತ್ತಾಯಿತು, ದನಕರುಗಳ ರೋಗ ನೋಡಲು ತರಬೇತಿ ಪಡೆದ ಪಶುಸಖಿ ಅಂತ ಊರಲ್ಲಿ ನನಗೊಂದು ಹೆಸರಿತ್ತು, ಅವತ್ತಿನಿಂದ ಗಂಡಸರು ಕಟ್ಟೆಯ ಮೇಲೆ ಕೂತು ಗಂಟು ಡಾಕ್ಟರ್‌ಬಾಯಿ ಬಂದಳು ಅನ್ನುತ್ತಾರೆ. ಆದರೆ ಮೊಣಕೈ ತನಕ ಕೈ ಹಾಕಿದನೆ ಗೌರಾಳ ಗಂಡ ದೇವಿಂದ್ರಪ್ಪಣ್ಣ? ಕಲಬುರಗಿಯ ತರಬೇತಿ, ತಗಡಿನ ಸೂರಿನ ಕೋಣೆ, ತಿರುಗದ ಫ್ಯಾನು, ಅಲ್ಲಿ ಡಾಕ್ಟರು ತೋರಿಸಿದ ವಿಡಿಯೋ, ಒಂದು ಎಮ್ಮೆ, ಬಾಯಿಂದ ದಾರದಂತೆ ಇಳಿಯುವ ಜೊಲ್ಲು, ದನ ತಿನ್ನವಲ್ದು, ಗಂಟಲಾಗ ಏನೋ ಸಿಕ್ಕಾದಂತ ರೈತ ಬಂದ್ರ ಮೊದಲ ಅನುಮಾನ ಯಾವುದ್ರಮ್ಮಾ, ಅಂತ ಕೇಳಿದ್ದರು, ಯಾರೂ ಹೇಳಲಿಲ್ಲ, ಹುಚ್ಚುನಾಯಿ ರೋಗ, ಅಂದರು ಅವರೇ, ಬಾಯಾಗ ಕೈ ಹಾಕಬ್ಯಾಡ್ರಿ, ಹಾಕಿದವ್ರು ಸತ್ತಾರ. ಬೋರ್ಡಿನ ಮೇಲೆ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದರು.

ಇಲ್ಲ, ಆಗಿರಲಿಕ್ಕಿಲ್ಲ, ಹಬ್ಬದ ಮುಂಚೆ ಎತ್ತುಗಳಿಗೆ ಏನೇನೋ ತಿನ್ನಿಸುತ್ತಾರೆ, ಹಸಿ ಹಿಂಡಿ, ತತ್ತಿ, ಎಣ್ಣೆ, ಹೊಟ್ಟೆ ಕೆಟ್ಟಿರಬೇಕು, ಗುಡ್ಡದ ತಲೆ ಬಂದಿದೆ, ಚಪ್ಪಟೆ ನೆತ್ತಿ, ಕರಿಕಲ್ಲು, ಒಂದು ಬೋಳು ಬನ್ನಿಗಿಡ, ಮುಮತಾಜ ಬಟ್ಟೆ ಹಾಸಿ ರೊಟ್ಟಿಯ ಗಂಟು ಬಿಚ್ಚುತ್ತಿದ್ದಾಳೆ, ಶೇಂಗಾ ಹಿಂಡಿ, ಮೊಸರು, ಗೌರಾಳ ಹೋಳಿಗೆ, ನೋಡ್ರೇ ನಮ್ಮ ಶಾಳಿ ಕಾಣ್ತದೇನ್ ಇಲ್ಲಿಂದ, ಅನ್ನುತ್ತಾಳೆ, ಅವಳ ಮುಖ ಹದಿನಾಲ್ಕರ ಹುಡುಗಿಯ ಮುಖ ಆಗಿದೆ, ನಾನು ಹೋಳಿಗೆ ಮುರಿಯಲು ಕೈ ಚಾಚುತ್ತೇನೆ, ಕೈ. ನನ್ನ ಬಲಗೈ. ನಸುಕಿನಲ್ಲಿ ಸೋಮ ಮೂಸಿದ ಕೈ, ಮೂಸಿತು ಅಷ್ಟೇನಾ, ಇಲ್ಲ, ನೆಕ್ಕಲು ಬಂದು ನೆಕ್ಕಲಾಗದೆ ಬಾಯಿ ತೆರೆದು ನಿಂತಿತು, ಬೆಚ್ಚಗೆ ಅಂಟಂಟಾಗಿ ಇಳಿಯಿತು, ಹೆಬ್ಬೆರಳ ಬುಡದಲ್ಲಿ ಮೊನ್ನೆ ಈಳಿಗೆ ಕೊಯ್ದ ಗಾಯ ಇನ್ನೂ ಹಸಿ, ಉರಿಯಿತು, ಉರಿಯಿತಲ್ಲ, ನಾನು ಸೆರಗಿಗೆ ಒರೆಸಿಕೊಂಡೆ. ಆಮೇಲೆ, ಗುಡ್ಡಕ್ಕೆ ಹೊರಡುವ ಮುಂಚೆ, ಮನೆಗೆ ಹೋಗಿ ಸೀಮಾಗೆ ಜಡೆ ಹಾಕಿದೆ. ಒಂಬತ್ತು ವರ್ಷದ ನನ್ನ ಮಗಳು, ಎಣ್ಣೆ ಹಚ್ಚಿ, ಬೈತಲೆ ತೆಗೆದು, ಎರಡು ಜಡೆ, ಕೆಂಪು ರಿಬ್ಬನ್ನು, ಅವಳು ಆಕಳಿಸಿದಾಗ ತಮಾಷೆಗೆ ಬಾಯಲ್ಲಿ ಬೆಲ್ಲದ ಚೂರು ಇಟ್ಟೆ, ಇದೇ ಕೈಯಿಂದ, ತೊಳೆದಿದ್ದೆನೆ, ಎಣ್ಣೆ ಹಚ್ಚುವ ಮುಂಚೆ ತೊಳೆದಿದ್ದೆನೆ, ನೆನಪಾಗುತ್ತಿಲ್ಲ, ತೊಳೆದಿದ್ದರೆ ನೆನಪಿರಬೇಕಲ್ಲ. ತಿನ್ ಬೇ, ಯಾಕ್ ಕುಂತಿ, ಅನ್ನುತ್ತಾಳೆ ಗೌರಾ. ಗೌರಾ, ಸೋಮಗ ನಾಯಿ ಕಡದಿತ್ತೇನ್? ಅಂದೆ, ನನ್ನ ದನಿ ನನಗೇ ಬೇರೆ ಯಾರದೋ ಅನಿಸಿತು. ಅವಳು ರೊಟ್ಟಿ ಅಗಿಯುತ್ತಲೇ, ಅಯ್ಯ ಅದ್ಯಾವಾಗಿನ ಮಾತು, ಬಸವ ಜಯಂತಿ ಮುಂದ, ಕಬ್ಬಿನ ಹೊಲದಾಗಿಂದ ಬಂದ್ ಮೂಗ ಹಿಡದಿತ್ತು, ಸಣ್ ಗಾಯ, ಅರಿಷಿಣ ಒತ್ತಿದ್ವಿ, ನಾಕ ದಿನದಾಗ ಮಾಯ್ತು. ಬಸವ ಜಯಂತಿ, ಆಮೇಲೆ ಒಂದು ಅಮಾಸೆ, ಈಗ ಹುಣ್ಣಿಮೆ — ಬೆರಳು ಮಡಚಿ ಎಣಿಸುತ್ತಿದ್ದೇನೆ, ಸೆರಗಿನ ಕೆಳಗೆ, ಇವರಿಗೆ ಕಾಣದಂತೆ, ತಿಂಗಳ ಮೇಲಾಯಿತು, ರೋಗ ಹೊರಗೆ ಬರಲು ಸರಿಯಾಗಿ ಬೇಕಾಗುವಷ್ಟು ದಿನ ಆಯಿತು.

ಗುಡ್ಡ ಇಳಿದು ಕೆರೆಯ ದಂಡೆಗುಂಟ ನಡೆಯುತ್ತಿದ್ದೇವೆ, ಮುಮತಾಜ ಸಲ್ವಾರು ಮೇಲೆತ್ತಿ ನೀರಲ್ಲಿ ಕಾಲಿಟ್ಟು ಕುಣಿಯುತ್ತಾಳೆ, ಮೀನಿನ ವಾಸನೆ, ಬಿಳಿ ಕೊಕ್ಕರೆ, ಆ ತಿರುವಿನಾಚೆ ಗಂಡಸರ ಗದ್ದಲ, ಎತ್ತು ತೊಳೆಯುತ್ತಿದ್ದಾರೆ, ಹತ್ತು ಹನ್ನೆರಡು ಜೋಡಿ, ಹುಲ್ಲಿನ ಸಿಂಬಿಯಿಂದ ಮೈ ತಿಕ್ಕುವ ಸದ್ದು, ಕೊಂಬು ಹೆರೆಯುವ ಸದ್ದು. ದೇವಿಂದ್ರಪ್ಪಣ್ಣ ಲುಂಗಿ ಮೇಲೆ ಕಟ್ಟಿ ಸೋಮನನ್ನು ಎಳೆಯುತ್ತಿದ್ದಾನೆ, ಬಿಳಿ ಹೋರಿ, ಎರಡು ವರ್ಷ ಸತತವಾಗಿ ಊರಬಾಗಿಲ ಅಗಸಿಗೆ ಅಡ್ಡ ಕಟ್ಟಿದ ಹಗ್ಗಕ್ಕೆ ನುಗ್ಗಿ ಮೊದಲು ಕರಿ ಹರಿದ ಹೋರಿ, ಬಿಳಿಯದು ಮೊದಲು ಹಗ್ಗ ಹರಿದರೆ ಹಿಂಗಾರಿ ಜೋಳ ಚೆನ್ನಾಗಿ ಬರುತ್ತದೆ, ಕೆಂದು ಹರಿದರೆ ಮುಂಗಾರಿ ಅಂತ ನಂಬಿಕೆ, ಅದಕ್ಕೇ ಊರವರ ಕಣ್ಣೆಲ್ಲ ಸೋಮನ ಮೇಲೆ. ಸೋಮ ನೀರಿಗೆ ಇಳಿಯಲೊಲ್ಲದು. ಹಿಂಗಾಲು ಸರಿಯಾಗಿ ಊರುತ್ತಿಲ್ಲ, ಕಟ್ಟಿಗೆಯಲ್ಲಿ ಮಾಡಿಟ್ಟ ಕಾಲಿನ ಹಾಗೆ ಅಡ್ಡಕ್ಕೆ ಬೀಳುತ್ತದೆ, ಕತ್ತು ಚಾಚಿ ಕೂಗಿತು, ಅದು ಎತ್ತಿನ ಕೂಗಲ್ಲ, ಗಂಟಲು ಒಡೆದ, ಒಳಗೆ ಬಿರಿದ ಒಂದು ಸದ್ದು, ಪಕ್ಕದವರು ನಕ್ಕರು, ಸೋಮಗ ನೆಗಡಿ ಆಗ್ಯದ, ಅಂದ ಒಬ್ಬ. ಆ ವಿಡಿಯೋದ ಎಮ್ಮೆಯೂ ಹೀಗೇ ಕೂಗಿತ್ತು. ಹೇಳು, ಈಗ ಹೇಳು, ಇಲ್ಲೇ ಹೇಳು ಶಿವಗಂಗಾ, ಬಾಯಿ ತೆರೆದೆ, ದೇವಿಂದ್ರಪ್ಪಣ್ಣ ನೋಡಿದ, ಏನ್ ತಂಗಿ, ನಿಮ್ಮ ಸವಾರಿ ಗುಡ್ಡದ ಮ್ಯಾಲ ಹೋಗಿತ್ತಂತ, ಅಂದ, ಅವನ ಬಲಗೈ ಮುಂಗೈಯಲ್ಲಿ ಹಲ್ಲು ತಾಗಿದ ಗೀರು, ಮೂರು ಗೀರು, ಕಪ್ಪಗೆ ಒಣಗಿವೆ, ಅಲ್ಲಿಂದ ಕಣ್ಣು ಕೀಳಲಾಗಲಿಲ್ಲ, ಹೌದ್ರಿ ಅಣ್ಣಾ, ಭಾಳ ಚಂದ ಕಾಣ್ತದ್ರಿ ಮ್ಯಾಲಿಂದ, ಅಂದೆ. ಅಷ್ಟೇ ಅಂದೆ.

ಕೆರೆಯ ಹತ್ತಿರ ಫೋನಿಗೆ ಸಿಗ್ನಲ್ ಇಲ್ಲ, ರೊಟ್ಟಿ ಅರಿವಿ ಗುಡ್ಡದ ಮ್ಯಾಲ ಮರತೀನಿ ಅಂತ ಸುಳ್ಳು ಹೇಳಿ ಮತ್ತೆ ಗುಡ್ಡ ಹತ್ತುತ್ತಿದ್ದೇನೆ, ಒಬ್ಬಳೇ, ಈ ಸಲ ಕಲ್ಲು ಲೆಕ್ಕಕ್ಕಿಲ್ಲ, ಉಸಿರು ಲೆಕ್ಕಕ್ಕಿಲ್ಲ, ಮಾಳಿಂಗಗೆ ಹೇಳಲಾ, ನನ್ನ ಗಂಡ ಅಫಜಲಪುರದ ಕಡೆ ಮಣ್ಣು ಹೊಡೆಯುವ ಟ್ರ್ಯಾಕ್ಟರ್ ಮೇಲಿದ್ದಾನೆ, ಅವನೇನು ಮಾಡುತ್ತಾನೆ, ಡಾಕ್ಟರಿಗೆ ಮಾಡು, ಮೂರು ಸಲ ರಿಂಗಾಯಿತು, ನಾಲ್ಕನೆಯದಕ್ಕೆ ದನದ ಡಾಕ್ಟರ್ ಕಲ್ಯಾಣಕುಮಾರ ಎತ್ತಿದರು, ಹಿಂದೆ ಬಸ್ಸಿನ ಹಾರ್ನು, ನಾ ಜೇವರ್ಗಿಯಾಗ ಡ್ಯೂಟಿ ಮ್ಯಾಲ ಅದೀನಮ್ಮಾ, ಹೇಳ್ರಿ. ಹೇಳಿದೆ. ನಾಯಿ, ಮೂಗು, ತಿಂಗಳು, ಜೊಲ್ಲು, ಕೂಗು, ಹಿಂಗಾಲು. ಹೌದಮ್ಮಾ, ಅದೇ ರೋಗ ಇದ್ದಂಗದ, ಕರಿ ಹರಿಯಾಕ ಬಿಡಬ್ಯಾಡ್ರಿ, ಅಂದರು, ಹೆಂಗರ ಮಾಡಿ ಬ್ಯಾರೆ ಕಟ್ಟಸ್ರಿ, ಹುಡುಗೂರು ಕುತಗಿಗಿ ಜೋತ ಬೀಳ್ತಾರ, ಕೈಗಿ ಮೈಗಿ ಜೊಲ್ಲ ಹತ್ತತದ, ನಾ ಸಂಜಿ ಆಗೂದ್ರಾಗ ಬರ್ತೀನಿ. ಯಾರ್ಯಾರು ಬಾಯಾಗ ಕೈ ಹಾಕ್ಯಾರ ಎಲ್ಲರಿಗೂ ಇವತ್ತೇ ಸೂಜಿ ಹಾಕಸ್ಬೇಕು, ಇವತ್ತ ಹಾಕಿದ್ರ ಏನೂ ಆಗೂದಿಲ್ಲ, ರೋಗ ಹೊರಗ ಬಂದ ಮ್ಯಾಲ ಯಾರೂ ಏನೂ ಮಾಡಾಕ ಬರೂದಿಲ್ಲ. ನಿಮಗೇನರ ಹತ್ಯದೇನ್? ಇಲ್ರಿ, ಅಂದೆ. ಇಲ್ರಿ ಸರ್. ಯಾಕೆ ಹಾಗಂದೆ, ಫೋನು ಇಟ್ಟ ಮೇಲೆ ಆ ಮಾತನ್ನೇ ನೋಡುತ್ತ ನಿಂತಿದ್ದೇನೆ, ಹೌದು ಅಂದರೆ ಅದು ಹೌದಾಗಿಬಿಡುತ್ತದೆ ಅನ್ನುವ ಹಾಗೆ, ಇಲ್ಲ ಅಂದರೆ ಇಲ್ಲವಾಗುವ ಹಾಗೆ, ಗಾಯ ತುರಿಸುತ್ತಿದೆ, ನಿಜಕ್ಕೂ ತುರಿಸುತ್ತಿದೆಯಾ ಅಥವಾ ನಾನು ತುರಿಸುತ್ತಿದೆ ಅಂದುಕೊಳ್ಳುತ್ತಿದ್ದೇನಾ, ಉಗುಳು ನುಂಗಿದೆ, ನುಂಗಲು ಬಂತು, ಮತ್ತೆ ನುಂಗಿದೆ, ಬಂತು, ಮೂರನೆಯ ಸಲ ಬಾಯಲ್ಲಿ ಉಗುಳೇ ಇಲ್ಲ.

ಕೆಳಗಿಳಿದು ನೇರ ನೀರಿಗೆ ಹೋದೆ, ಸಾಬಾನ ಕೊಡು, ಅಂದೆ ಮುಮತಾಜಗೆ, ಅವಳ ಚೀಲದಲ್ಲಿ ಯಾವಾಗಲೂ ಒಂದು ತುಂಡು ಸಾಬೂನು ಇರುತ್ತದೆ, ಊರೂರ ಬಟ್ಟೆ ಮುಟ್ಟುವವಳು, ತಿಕ್ಕುತ್ತಿದ್ದೇನೆ, ತೊಳೆಯುತ್ತಿದ್ದೇನೆ, ತಿಕ್ಕುತ್ತಿದ್ದೇನೆ, ಹದಿನೈದು ನಿಮಿಷ ಅಂದಿದ್ದರು ತರಬೇತಿಯಲ್ಲಿ, ಜೊಲ್ಲು ಹತ್ತಿದ ಕೂಡಲೇ ತೊಳೀಬೇಕು ಅಂದಿದ್ದರು, ನಸುಕಿನಲ್ಲಿ ಹತ್ತಿದ್ದು ಈಗ ತೊಳೆದರೆ ಏನು ಬಂತು, ಆದರೂ ತಿಕ್ಕುತ್ತಿದ್ದೇನೆ, ಗಾಯ ಮತ್ತೆ ಒಡೆದು ರಕ್ತ ಬಂತು. ಗೌರಾ ಎತ್ತಿನ ಹಿಂದೆ ಮನೆಗೆ ಹೋಗಿಬಿಟ್ಟಿದ್ದಳು, ಪೂಜೆ ಮಾಡಬೇಕು, ಹೋಳಿಗೆ ತಿನ್ನಿಸಬೇಕು. ತೊಗಲ ಕಿತ್ತ ಹೋಗ್ತದ ಶಿವಾ, ಏನ್ ಆಗ್ಯದ ಹೇಳ್, ಅಂದಳು ಮುಮತಾಜ, ನನ್ನ ಮಣಿಕಟ್ಟು ಹಿಡಿದಳು. ಮುಟ್ಟಬ್ಯಾಡ, ಅಂತ ಚೀರಿದೆ. ಕೊಕ್ಕರೆ ಹಾರಿತು. ಆಮೇಲೆ ಎಲ್ಲ ಹೇಳಿದೆ, ಡಾಕ್ಟರಿಗೆ ಹೇಳದ್ದನ್ನೂ ಹೇಳಿದೆ, ಜಡೆ ಹಾಕಿದ್ದನ್ನೂ ಹೇಳಿದೆ, ಬೆಲ್ಲದ ಚೂರನ್ನೂ. ಅವಳು ಸಾಬೂನಿನ ತುಂಡನ್ನು ಕಲ್ಲಿನ ಮೇಲಿಟ್ಟು ನನ್ನನ್ನೇ ನೋಡಿದಳು. ನಡಿ, ಈಗ್ಲೇ ಹೋಗಿ ಹೇಳೂಣು. ಹ್ಯಾಂಗ್ ಹೇಳಲಿ ಮುಮತಾಜ, ಸುಂದರಬಾಯಿ ಆಕಳಂಗ ಸುಳ್ಳಾದ್ರ? ಸುಳ್ಳಾದ್ರ ಒಂದ್ ವರ್ಷ ನಗ್ತಾರ, ಖರೇ ಆದ್ರ ಯಾರ್ ನಗ್ಲಿಕ್ಕ ಉಳಿತಾರ, ಅಂದಳು. ಅವಳು ಅಂದದ್ದು ಸರಿ, ಸರಿಯಾದ ಮಾತಿಗೆ ಕಾಲು ಏಳಬೇಕಲ್ಲ, ನನ್ನ ಕಾಲು ಏಳಲಿಲ್ಲ, ಬಿಸಿಲು ಇಳಿಯುವ ತನಕ ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂತೆ, ಡಾಕ್ಟರು ಬರುತ್ತಾರೆ, ಅವರೇ ಹೇಳುತ್ತಾರೆ, ಅವರು ಹೇಳಿದರೆ ನಂಬುತ್ತಾರೆ, ಮುಮತಾಜ ಸೀಮಾಳ ತಲೆಗೆ ಬಿಸಿನೀರು ಹಾಕಿ ಸಾಬೂನಿನಿಂದ ತೊಳೆದಳು, ಹಬ್ಬಕ್ಕ ಎರಡ ಸಲ ಜಳಕಾ ಯಾಕ್ ಮೌಸಿ, ಅಂತ ಮಗಳು ಕೇಳುತ್ತಿದ್ದಳು, ನಾನು ಅವಳ ಹತ್ತಿರ ಹೋಗಲಿಲ್ಲ, ಮೂಲೆಯಿಂದಲೇ ನೋಡಿದೆ, ಅವಳ ಬಾಯಿ, ತುಟಿಯಲ್ಲಿ ಗಾಯ ಇದೆಯಾ, ಹಲ್ಲು ಬಿದ್ದ ಕಡೆ ವಸಡು ಕೆಂಪಿದೆಯಾ, ಹೋದ ವಾರ ತಾನೇ ಒಂದು ಹಲ್ಲು ಬಿದ್ದಿತ್ತು.

ಹಲಗೆಯ ಸದ್ದು. ಐದೂವರೆ ಆಗಿರಬೇಕು. ಫೋನು ಬಂತು, ಹಾದ್ಯಾಗ ಅದೀನಿ, ಕಲಬುರಗಿ ದಾಟಿಲ್ಲ, ಅಂದರು ಡಾಕ್ಟರು, ಕಟ್ಟಿಸಿದ್ರೇನಮ್ಮಾ? ಕಟ್ಟಸ್ತೀನ್ರಿ, ಅಂದೆ, ಎದ್ದೆ, ಸೀಮಾಳ ಕೈ ಹಿಡಿದ ಮುಮತಾಜ ಮುಂದೆ, ನಾನು ಹಿಂದೆ, ಓಣಿಯ ತುಂಬ ಗುಲಾಲು, ಎತ್ತುಗಳ ಕೊಂಬಿಗೆ ಹಸಿರು ಕೆಂಪು ಬಣ್ಣ, ಗೊಂಡೆ, ಮೈಮೇಲೆ ಜೂಲು, ಗೆಜ್ಜೆ, ಅಗಸಿಗೆ ಅಡ್ಡ ಕಟ್ಟಿದ ಬೇವಿನ ಸೊಪ್ಪಿನ ಹಗ್ಗ, ನಡುವೆ ಕೊಬ್ಬರಿ ಬಟ್ಟಲು ತೂಗುತ್ತಿದೆ, ಎರಡೂ ಕಡೆ ಮನೆ ಮಾಳಿಗೆಯ ಮೇಲೆ ಹೆಂಗಸರು, ಕೆಳಗೆ ಬನಿಯನ್ನು ಹಾಕಿದ ಗಂಡಸರು, ಓಡಿ ಬರುವ ಹೋರಿಯ ಕುತ್ತಿಗೆಗೆ ಜೋತು ಬಿದ್ದು ತಡೆಯುವವರು, ಭುಜ ತಟ್ಟಿಕೊಳ್ಳುತ್ತಿದ್ದಾರೆ, ಇಪ್ಪತ್ತು ಮಂದಿ, ಮೂವತ್ತು, ಎಲ್ಲರ ಕೈಯಲ್ಲೂ ಏನಾದರೂ ಗೀರು, ಏನಾದರೂ ಗಾಯ ಇದ್ದೇ ಇರುತ್ತದೆ, ಒಕ್ಕಲುತನದ ಕೈ. ಸೋಮ ಕೊನೆಯಲ್ಲಿ ನಿಂತಿದೆ. ಕೊಂಬಿಗೆ ಹಿತ್ತಾಳೆಯ ಕೊಡಣಸು, ಬೆನ್ನ ಮೇಲೆ ಗೌರಾ ಕೈಯಾರೆ ಕಸೂತಿ ಹಾಕಿದ ಜೂಲು, ಬಾಯಿಂದ ಜೊಲ್ಲಿನ ದಾರ, ಬೆಳ್ಳಗೆ, ನೆಲ ಮುಟ್ಟುವ ಹಾಗೆ, ಹಣೆಯ ಕುಂಕುಮದ ಕೆಳಗೆ ಕಣ್ಣು ಎಲ್ಲಿಯೂ ನೋಡುತ್ತಿಲ್ಲ. ಗೌರಾ ಪಕ್ಕದಲ್ಲಿ ತಾಟು ಹಿಡಿದಿದ್ದಾಳೆ, ಹೋಳಿಗೆ ಚೂರು ಮಾಡಿ ಬಾಯಿಗೆ ತುರುಕಿದ್ದಾಳೆ, ಅದು ಹಾಗೇ ಹೊರಗೆ ಬಿದ್ದಿದೆ, ಅವಳ ತೋರುಬೆರಳಿನಲ್ಲಿ ಹಂಚು ಸುಟ್ಟ ಬೊಬ್ಬೆ ಒಡೆದಿದೆ. ನನಗೆ ಆ ಬೆರಳು ಕಂಡಿತು. ಆಮೇಲೆ ಏನೂ ಯೋಚಿಸಲಿಲ್ಲ, ಅಣ್ಣಾ, ಅಂದೆ, ದೇವಿಂದ್ರಪ್ಪಣ್ಣ, ಸೋಮನ್ನ ಬಿಡಬ್ಯಾಡ್ರಿ, ಅದಕ್ಕ ಹುಚ್ಚನಾಯಿ ರೋಗ ಅದ.

ಹಲಗೆ ನಿಲ್ಲಲಿಲ್ಲ, ಹತ್ತಿರದ ನಾಲ್ಕು ಮಂದಿಗೆ ಕೇಳಿಸಿತು, ಅವರು ತಿರುಗಿ ನೋಡಿದರು, ಅವರನ್ನು ಕಂಡು ಮುಂದಿನವರೂ ತಿರುಗಿದರು. ಏನಂದಿ? ಅಂದ ದೇವಿಂದ್ರಪ್ಪಣ್ಣ. ಮತ್ತೆ ಅಂದೆ. ಯಾರೋ ಹಿಂದಿನಿಂದ, ಬಂದಳ್ ನೋಡ್ರಿ ಗಂಟ ಡಾಕ್ಟರ್‌ಬಾಯಿ, ಅಂದ, ನಗು, ನಗು ಮಾಳಿಗೆಗೂ ಏರಿತು, ಸುಂದರಬಾಯಿ ಮೇಲಿದ್ದಳು, ನಗಲಿಲ್ಲ, ಮುಖ ತಿರುವಿದಳು, ಅದು ನಗುವಿಗಿಂತ ಹೆಚ್ಚು. ಶಿವಗಂಗಾ, ಅಂದ ದೇವಿಂದ್ರಪ್ಪಣ್ಣ, ತಗ್ಗಿದ ದನಿಯಲ್ಲಿ, ಹಬ್ಬದ ದಿನಾ ಅಗಸಿ ಮುಂದ ನಿಂತ್ ನನ್ನ ಎತ್ತಿಗಿ ಹುಚ್ಚ ಅಂತೀಯೇನ್, ನೀ ಮನಿಗಿ ಬಂದ್ ಹೇಳಬೇಕಿಲ್ಲ? ಹೌದು, ಬಂದು ಹೇಳಬೇಕಿತ್ತು, ಮಧ್ಯಾಹ್ನವಿಡೀ ಬಾಗಿಲು ಹಾಕಿಕೊಂಡು ಕೂತಿದ್ದೆ, ತಪ್ಪಾತ್ರಿ ಅಣ್ಣಾ, ಅಂದೆ, ಡಾಕ್ಟರ್ ಬರಾಕತ್ಯಾರ, ಅವರ ಬರೂತನಕ ನಿಂದರ್ರಿ, ಅದಕ್ಕ ನುಂಗಾಕ ಬರವಲ್ದು, ಗಂಟಲ್ ಬಿದ್ದದ, ಒಂದ್ ಬಕೀಟ್ ನೀರ್ ಇಟ್ ನೋಡ್ರಿ, ಕುಡದ್ರ ನಾ ಸುಳ್ಳಿ, ನಿಮ್ಮ ಕಾಲ ಹಿಡಿತೀನಿ, ಊರ ಬಿಟ್ಟ್ ಹೋಗ್ತೀನಿ. ಯಾರೂ ಕದಲಲಿಲ್ಲ. ಅವನು ಹಗ್ಗ ಗಟ್ಟಿ ಹಿಡಿದು ಮುಂದೆ ನಡೆದ. ಗೌರಾ ನನ್ನನ್ನು ನೋಡುತ್ತಿದ್ದಾಳೆ, ಕೋಪ ಇದೆ ಕಣ್ಣಲ್ಲಿ, ತುಂಬ ಕೋಪ, ಶಾಲೆಯ ದಿನದಿಂದ ಒಮ್ಮೆಯೂ ಹೀಗೆ ನೋಡಿರಲಿಲ್ಲ, ಮುಗಿಯಿತು ಅಂದುಕೊಂಡೆ, ಅವಳು ತಾಟನ್ನು ಮುಮತಾಜಳ ಕೈಗೆ ಕೊಟ್ಟು, ಅಗಸಿಯ ಪಕ್ಕದ ತನ್ನ ಮನೆಯೊಳಗೆ ಹೋದಳು, ಹೊರಗೆ ಬಂದಳು, ಎರಡೂ ಕೈಯಲ್ಲಿ ಬಕೆಟ್ಟು, ತುಂಬಿದ ಬಕೆಟ್ಟು, ಸೀರೆಯ ನಿರಿಗೆ ಒದ್ದೆ ಆಗುತ್ತಿದೆ, ಗಂಡನ ಮುಖ ನೋಡಲಿಲ್ಲ, ನನ್ನ ಮುಖ ನೋಡಲಿಲ್ಲ, ಸೋಮನ ಮುಂದೆ ಇಟ್ಟಳು. ಕುಡೀ ಸೋಮಾ, ಅಂದಳು. ಕುಡೀ ಮಗನಾ.

ಹಲಗೆ ನಿಂತಿತು. ಸೋಮ ತಲೆ ತಗ್ಗಿಸಿತು. ತಗ್ಗಿಸಿತು, ಎಷ್ಟು ಆಸೆಯಿಂದ ತಗ್ಗಿಸಿತು, ಎರಡು ದಿನದ ನೀರಡಿಕೆ, ಮೂತಿ ನೀರಿಗೆ ತಾಗಿತು, ನೀರಲ್ಲಿ ಒಂದು ಉಂಗುರ ಎದ್ದು ಬಕೆಟ್ಟಿನ ಅಂಚಿಗೆ ಹೋಯಿತು, ತುಟಿ ಮುಳುಗಿತು, ಮೂಗಿನ ಹೊಳ್ಳೆ ಅರಳಿತು, ಗಂಟಲು ಏಳಲಿಲ್ಲ, ಎತ್ತು ನೀರು ಕುಡಿಯುವಾಗ ಗಂಟಲಿನ ಕೆಳಗೆ ಗುಟುಕು ಗುಟುಕಾಗಿ ಓಡುತ್ತದಲ್ಲ, ಆ ಓಟ ಇಲ್ಲ, ಹೀರಿದ ನೀರು ಮೂಗಿನಿಂದಲೇ ಇಳಿಯಿತು, ಮತ್ತೆ ಮೂತಿ ಇಟ್ಟಿತು, ಮತ್ತೆ ಇಳಿಯಿತು. ಇಡೀ ಅಗಸಿಯಲ್ಲಿ ಒಂದು ಗೆಜ್ಜೆ ಅಲುಗಲಿಲ್ಲ. ಮೂರನೆಯ ಸಲ ಅದು ತಲೆಯೆತ್ತಿ ಕೂಗಿತು, ಮುಂಜಾನೆಯ ಅದೇ ಒಡಕು ಕೂಗು, ಈ ಸಲ ಯಾರೂ ನೆಗಡಿ ಅನ್ನಲಿಲ್ಲ, ಬಕೆಟ್ಟು ಉರುಳಿತು, ಹಗ್ಗ ದೇವಿಂದ್ರಪ್ಪಣ್ಣನ ಕೈ ಜಾರಿತು, ಜನ ಹೋ ಅಂತ ಗೋಡೆಗೆ ಅಪ್ಪಳಿಸಿದರು, ಸೀಮಾ ಅಂತ ಯಾರೋ ಚೀರಿದರು, ನಾನೇ ಇರಬೇಕು ಚೀರಿದ್ದು, ಸೀಮಾ ಎಲ್ಲಿ, ಮುಮತಾಜಳ ಜೊತೆ ಇದ್ದಳು, ಮುಮತಾಜ ತಾಟು ಎಸೆದು ಅವಳನ್ನು ಎತ್ತಿ ಕಟ್ಟೆ ಏರಿದ್ದಾಳೆ, ಕೆಂಪು ರಿಬ್ಬನ್ನು ಕಂಡಿತು, ಇದ್ದಾಳೆ, ಸೋಮ ನನ್ನ ಪಕ್ಕದಲ್ಲೇ ಹಾದುಹೋಯಿತು, ಜೂಲಿನ ಕನ್ನಡಿ ಚೂರು ನನ್ನ ತೋಳು ಸವರಿತು, ಬಿಸಿಯುಸಿರು, ಕರಿಯ ಹಗ್ಗದ ತನಕ ಓಡಿತು, ಹಗ್ಗ ಹರಿಯಲಿಲ್ಲ, ಅಲ್ಲೇ ಹಿಂಗಾಲು ಮಡಚಿ, ಕೊಬ್ಬರಿ ಬಟ್ಟಲಿನ ಕೆಳಗೆ ಕುಸಿಯಿತು, ಏಳಲು ನೋಡುತ್ತದೆ, ಮುಂಗಾಲು ಏಳುತ್ತದೆ, ಹಿಂದಿನದು ಏಳುವುದಿಲ್ಲ. ಬಾಯಿ ಮುಟ್ಟಬ್ಯಾಡ್ರಿ, ಅಂತ ಕೂಗುತ್ತಿದ್ದೇನೆ, ದೂರದಿಂದ ಹಗ್ಗ ಒಗೀರಿ, ಎರಡೂ ಕಡಿ ಗಿಡಕ್ಕ ಕಟ್ಟರಿ, ಬಾಯಿ ಮುಟ್ಟಬ್ಯಾಡ್ರಿ, ಯಾರೂ ಗಂಟು ಡಾಕ್ಟರ್‌ಬಾಯಿ ಅನ್ನುತ್ತಿಲ್ಲ, ಹೇಳಿದ್ದನ್ನು ಮಾಡುತ್ತಿದ್ದಾರೆ, ಅದೂ ಹೆದರಿಕೆಯೇ, ನಾನು ಸರಿ ಅಂತ ಆದದ್ದು, ಸರಿ ಆಗಬಾರದಿತ್ತು, ಸುಂದರಬಾಯಿಯ ಆಕಳಂತೆ ಸುಳ್ಳಾಗಬೇಕಿತ್ತು. ಯಾರ್ಯಾರು ಸೋಮನ ಬಾಯಾಗ ಕೈ ಹಾಕೀರಿ ಮುಂದ ಬರ್ರಿ, ಅಂದೆ. ದೇವಿಂದ್ರಪ್ಪಣ್ಣ ತನ್ನ ಮುಂಗೈ ನೋಡಿಕೊಳ್ಳುತ್ತ ನಿಂತಿದ್ದ. ಗೌರಾ ತನ್ನ ಬೆರಳು. ಯಾರೂ ಮುಂದೆ ಬರಲಿಲ್ಲ, ಆಗ ನನ್ನ ಕೈ ಮೇಲೆತ್ತಿದೆ, ಬಲಗೈ, ಗಾಯ ಕಾಣುವ ಹಾಗೆ, ನನಗೂ ಹತ್ಯದ, ಅಂದೆ, ನಸಿಕ್ನಾಗ ಹತ್ಯದ, ಅಂಜಿ ಯಾರಿಗೂ ಹೇಳಿಲ್ಲ. ಅದಾದ ಮೇಲೆ ಗೌರಾ ಬಂದಳು. ಅವಳ ಹಿಂದೆ ಅವಳ ಗಂಡ.

ಟಂಟಂ ಗಾಡಿ, ಆಳಂದದ ರಸ್ತೆ, ಎದುರಿಗೆ ಹುಣ್ಣಿಮೆಯ ಚಂದ್ರ ತೊಗರಿ ಹೊಲದಿಂದ ಆಗಷ್ಟೇ ಏಳುತ್ತಿದ್ದಾನೆ, ಕೆಂಪಗೆ, ಗಾಡಿಯಲ್ಲಿ ಗೌರಾ, ಅವಳ ಗಂಡ, ಮುಮತಾಜಳ ತೊಡೆಯ ಮೇಲೆ ಸೀಮಾ, ಹಾದಿಯಲ್ಲಿ ಡಾಕ್ಟರ ಗಾಡಿ ಸಿಕ್ಕಿತು, ಗ್ಲಾಸು ಇಳಿಸಿ, ನೀವೂ ಅದೀರೇನಮ್ಮಾ, ಅಂದರು, ಹೌದ್ರಿ, ನಾನೂ, ಅಂದೆ, ಮಗಳ ವಿಷಯ ಕೇಳಿದೆ, ಜಡೆ, ಬೆಲ್ಲ, ಅವರು, ಅಷ್ಟಕ್ಕ ಬರೂದಿಲ್ಲ, ಆದ್ರೂ ದವಾಖಾನ್ಯಾಗ ಕೇಳ್ರಿ, ಅಂದು ಊರ ಕಡೆ ಹೋದರು, ಸೋಮನ ಕಡೆ, ಸೋಮಗೇನು ಮಾಡುತ್ತಾರೆ ಅಂತ ಗೌರಾ ಕೇಳಲಿಲ್ಲ, ಯಾರೂ ಹೇಳಲಿಲ್ಲ. ದವಾಖಾನೆಯ ಬೆಂಚು, ಬಿಳಿ ಟ್ಯೂಬ್‌ಲೈಟು, ನರ್ಸು ಮತ್ತೊಮ್ಮೆ ಗಾಯ ತೊಳೆದಳು, ಮಗಳಿಗೆ ಬಾಯಿ ಆ ಅನ್ನಿಸಿ ನೋಡಿ, ನೀವ್ ಹೇಳೂದ್ ನೋಡಿದ್ರ ಬ್ಯಾಡಾಗಿತ್ತು, ನಿಮ್ಮ ಜೀವಕ್ಕ ಸಮಾಧಾನ ಆಗ್ಲಿ, ಅಂತ ಅವಳಿಗೂ ಸೂಜಿ ಹಾಕಿದಳು, ಸೀಮಾ ಅಳಲಿಲ್ಲ, ಮುಮತಾಜಳ ಓಢಣಿ ಕಚ್ಚಿದಳು, ದೇವಿಂದ್ರಪ್ಪಣ್ಣಗೆ ಗೀರು ಆಳ ಇದೆ, ಗಾಯದ ಸುತ್ತ ಬೇರೆ ಔಷಧಿ ಚುಚ್ಚಬೇಕು, ಕಲಬುರಗಿಗೇ ಹೋಗಬೇಕು, ಇವತ್ತೇ, ಗಾಡಿ ಹೊರಗೆ ನಿಂತಿದೆ. ಅವನು ಹೊರಡುವ ಮುಂಚೆ ನನ್ನ ಮುಂದೆ ನಿಂತ, ತಂಗಿ, ಅಂದ, ಹೋದ. ಗೌರಾ ಬೆಂಚಿನ ಮೇಲೆ ನನ್ನ ಪಕ್ಕ ಉಳಿದಳು, ಇಬ್ಬರ ತೋಳಿಗೂ ಹತ್ತಿ, ಮೂರು ದಿನಕ್ಕೆ ಮತ್ತೆ ಬರಬೇಕು, ಏಳು ದಿನಕ್ಕೆ, ಆಮೇಲೆ ಮತ್ತೆ, ಮುಂಜಾನಿ ಕೆರಿ ದಂಡಿ ಮ್ಯಾಲ ಹೇಳಿದ್ರ ನಾ ಹೋಳಿಗಿ ತಿನ್ನಸ್ತಿದ್ದಿಲ್ಲ, ಅಂದಳು, ಸಿಟ್ಟಿಲ್ಲದೆ, ಇದ್ದದ್ದನ್ನು ಇದ್ದ ಹಾಗೆ, ಹೌದು ಗೌರಾ, ಅಂದೆ. ನರ್ಸು ಇಬ್ಬರಿಗೂ ಸ್ಟೀಲಿನ ಲೋಟದಲ್ಲಿ ನೀರು ತಂದಿಟ್ಟಳು, ಕುಡೀರಿ, ಮಾರಿ ಎಷ್ಟ ಇಳದಾವ, ಗೌರಾ ಲೋಟ ಎತ್ತಲಿಲ್ಲ, ನಾನೂ ಎತ್ತಲಿಲ್ಲ, ನೋಡುತ್ತಿದ್ದೇವೆ, ನುಂಗಲು ಬರುತ್ತದೆ, ಗೊತ್ತು, ಸೂಜಿ ಆಗಿದೆ, ಏನೂ ಆಗುವುದಿಲ್ಲ ಅಂದಿದ್ದಾರೆ, ಎತ್ತಿ ಕುಡಿದರಾಯಿತು, ಆದರೆ ಕಣ್ಣ ಮುಂದೆ ಮತ್ತೆ ಸೋಮ ತಲೆ ತಗ್ಗಿಸುತ್ತದೆ, ಗೌರಾಳ ಕೈ ಲೋಟದ ಹತ್ತಿರ ಹೋಗಿ ನಿಲ್ಲುತ್ತದೆ, ಕುಡೀ ಮಗನಾ, ತುಟಿ ಮುಳುಗುತ್ತದೆ, ನೀರು ಇಲ್ಲೇ ಇದೆ, ಮೂತಿ ನೀರಿನಲ್ಲೇ ಇದೆ, ಉಂಗುರ ಎದ್ದು ಅಂಚಿಗೆ ಹೋಗುತ್ತದೆ, ಗಂಟಲು ಏಳುವುದಿಲ್ಲ, ಉಂಗುರ ಎದ್ದು ಅಂಚಿಗೆ — ಗಂಟಲು —